ದೇವರಲ್ಲಿ ತೃಪ್ತಿ, ವಾಕ್ಯಕ್ಕೆ ವಿಧೇಯತೆ

ತೃಪ್ತಿ ಎಂಬುದು ನಾವು ದಿನವೂ ಆಡುವ ಮಾತು. ಊಟವಾದ ಮೇಲೆ ಅತಿಥಿಯನ್ನು ತೃಪ್ತಿಯಾಯಿತೆ ಎಂದು ಕೇಳುತ್ತೇವೆ. ಮಗನಿಗೆ ಉದ್ಯೋಗ ದೊರೆತರೆ, ಮಗಳ ಮದುವೆ ಸುಸೂತ್ರವಾಗಿ ನೆರವೇರಿದರೆ, ಇನ್ನು ತೃಪ್ತಿ ಎನ್ನುತ್ತೇವೆ. ಆದರೆ ಊಟದ ತೃಪ್ತಿ ಮರುಹೊತ್ತಿನವರೆಗೆ. ಉದ್ಯೋಗದ ತೃಪ್ತಿ ನೆರೆಮನೆಯವನಿಗೆ ಬಡ್ತಿಯಾಗುವವರೆಗೆ. ಬೇಕಾದುದು ಕೈಸೇರಿದ ಮೇಲೂ ಮನಸ್ಸಿನಲ್ಲಿ ಯಾವುದೋ ಒಂದು ಮೂಲೆ ಬರಿದಾಗಿಯೇ ಉಳಿಯುತ್ತದೆಂಬುದು ಎಲ್ಲರ ಅನುಭವ. ಆ ಮೂಲೆಯನ್ನು ತುಂಬತಕ್ಕವನು ದೇವರೊಬ್ಬನೇ ಎಂದು ಎಲ್ಲ ಧರ್ಮಗಳ ಹಿರಿಯರೂ ಹೇಳಿದ್ದಾರೆ. ಕ್ರೈಸ್ತ ಧರ್ಮಗ್ರಂಥವಾದ ಸತ್ಯವೇದವೂ ಹಾಗೆಯೇ ಹೇಳುತ್ತದೆ. ಅದರೊಡನೆ ಇನ್ನೊಂದು ಮಾತನ್ನೂ ಸೇರಿಸುತ್ತದೆ. ಆ ತೃಪ್ತಿ ನಮಗೆ ಬರುವ ದಾರಿ ಕಿವಿಯ ದಾರಿ. ಕೇಳಿದುದನ್ನು ನಡೆಸದವನಿಗೆ ಅದು ದೊರೆಯದು ಎಂಬುದೇ ಆ ಮಾತು. ಈ ದಿನ ಶ್ರೋತೃಗಳೊಡನೆ ನಾವು ವಿಚಾರಮಾಡಬೇಕೆಂದಿರುವುದು ಇದನ್ನೇ.

ವಿಷಯ ಆಕಾಶದಲ್ಲಿ ತೇಲಿಹೋಗದಂತೆ ಅದನ್ನು ಒಂದು ಊರಿನಲ್ಲಿ ನಿಲ್ಲಿಸಿ ನೋಡೋಣ. ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನಲ್ಲಿ ಸಂಕೇಶ್ವರದ ಸಮೀಪ ನಿಡಸೋಸಿ ಎಂಬ ಗ್ರಾಮವಿದೆ. ದುರದುಂಡೀಶ್ವರ ಸಿದ್ಧಸಂಸ್ಥಾನ ಮಠದಿಂದ ಆ ಊರಿಗೆ ಹೆಸರು. ಹುಕ್ಕೇರಿ, ಗೋಕಾಕ, ಮೂಡಲಗಿಯ ಕಡೆಯ ಒಕ್ಕಲು ಮಕ್ಕಳಿಗೆ ಅದು ಬಹುಕಾಲದಿಂದ ಬಂದ ಗುರುಪೀಠ. ಇಂಥ ಮಠಗಳಲ್ಲಿ ಮೊದಲು ಕಾಣುವುದು ದಾಸೋಹ: ಬಂದವನು ಯಾರೆಂದು ಕೇಳುವುದಕ್ಕೆ ಮುಂಚೆ ಅವನ ಹಸಿವನ್ನು ಕೇಳುವ ಪದ್ಧತಿ. ಎರಡನೆಯದು ವಿದ್ಯೆ. ಅದೇ ನಿಡಸೋಸಿಯಲ್ಲಿ 1996ರಿಂದ ಒಂದು ಇಂಜಿನಿಯರಿಂಗ್ ಕಾಲೇಜು ನಡೆಯುತ್ತಿದೆ. ಹೊಟ್ಟೆಯ ಹಸಿವಿಗೆ ಅನ್ನ, ಬುದ್ಧಿಯ ಹಸಿವಿಗೆ ಅಕ್ಷರ. ಆದರೂ ಉಂಡು, ಕಲಿತು, ಕೆಲಸಕ್ಕೆ ಸೇರಿದ ಮನುಷ್ಯನು ಮತ್ತೆ ಗದ್ದುಗೆಯ ಮುಂದೆ ಬಂದು ಕೈಮುಗಿದು ನಿಲ್ಲುತ್ತಾನೆ. ಮೂರನೆಯ ಹಸಿವೊಂದಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಶಿವಭಕ್ತನಿಗೂ ಕ್ರಿಸ್ತಭಕ್ತನಿಗೂ ಆ ಹಸಿವು ಒಂದೇ. ಕ್ರೈಸ್ತನು ಅದಕ್ಕೆ ಎಲ್ಲಿ ಅನ್ನ ಕಾಣುತ್ತಾನೆ, ಹೇಗೆ ಉಣ್ಣುತ್ತಾನೆ ಎಂಬುದಷ್ಟೇ ನಮ್ಮ ಪ್ರಸ್ತುತ ವಿಷಯ.

ಅದೇ ತಾಲ್ಲೂಕಿನ ಹಿಡಕಲ್ಲಿನಲ್ಲಿ ಘಟಪ್ರಭೆಗೆ ಕಟ್ಟಿದ ಅಣೆಕಟ್ಟು ಇದೆ. ಅಲ್ಲಿಂದ ಹೊರಟ ಕಾಲುವೆಗಳು ಬೆಳಗಾವಿ ಬಾಗಲಕೋಟೆಗಳ ಹೊಲಗಳಿಗೆ ನೀರುಣಿಸುತ್ತವೆ. ಕಾಲುವೆಯ ಕೆಳಗೆ ಬೇಸಾಯ ಮಾಡುವವರಿಗೆಲ್ಲ ಒಂದು ಸಂಗತಿ ಗೊತ್ತು. ಜಲಾಶಯ ತುಂಬಿದ ಮಾತ್ರಕ್ಕೆ ಹೊಲ ನೆನೆಯುವುದಿಲ್ಲ. ತೂಬು ಎತ್ತಬೇಕು, ಕಾಲುವೆಯ ಹೂಳು ತೆಗೆದಿರಬೇಕು, ಹೊಲದವನು ಗುದ್ದಲಿ ಹಿಡಿದು ಮಡೆಯನ್ನು ತಿರುಗಿಸಬೇಕು. ಹಾಗೆ ಮಾಡದಿದ್ದರೆ ಮೇಲೆ ಸಮುದ್ರದಂಥ ನೀರಿದ್ದರೂ ಕೊನೆಯ ಹೊಲ ಒಣಗಿಯೇ ಇರುತ್ತದೆ. ದೇವರ ಪೂರ್ಣತೆಗೂ ನಮ್ಮ ಬರಿದಾದ ಮನಸ್ಸಿಗೂ ಇರುವ ಸಂಬಂಧ ಇಂಥದು. ಅಲ್ಲಿ ಕೊರತೆಯಿಲ್ಲ. ಕೊರತೆ ಇರುವುದು ನಡುವಣ ಕಾಲುವೆಯಲ್ಲಿ. ಆ ಕಾಲುವೆಯ ಹೆಸರೇ ಶ್ರವಣ.

ಸತ್ಯವೇದದಲ್ಲಿ ಮೊದಲಿಂದ ಕೊನೆಯವರೆಗೂ ಈ ಬಾಯಾರಿಕೆಯ ಮಾತು ಬರುತ್ತದೆ. ಪ್ರಸಂಗಿ ಎಂಬ ಗ್ರಂಥದಲ್ಲಿ ಮಾತನಾಡುವವನು ಅರಸನು. ಅವನು ವಿದ್ಯೆಯನ್ನು ಪರೀಕ್ಷಿಸಿದನು, ಭೋಗವನ್ನು ಪರೀಕ್ಷಿಸಿದನು, ಅರಮನೆಗಳನ್ನು ಕಟ್ಟಿಸಿದನು, ತೋಟಗಳನ್ನು ಹಾಕಿಸಿದನು, ಕೆರೆಗಳನ್ನು ತೋಡಿಸಿದನು; ಕೊನೆಗೆ ಎಲ್ಲವೂ ಗಾಳಿಯನ್ನು ಹಿಡಿಯಹೋದಂತೆ ಆಯಿತೆಂದು ನಿಟ್ಟುಸಿರುಬಿಟ್ಟನು. ಇದು ಬಡವನ ಹೊಟ್ಟೆಯುರಿಯಲ್ಲ. ಎಲ್ಲವನ್ನೂ ಪಡೆದವನ ಲೆಕ್ಕಾಚಾರ. ಪ್ರವಾದಿಯಾದ ಯೆರೆಮೀಯನು ಇದರ ಕಾರಣವನ್ನು ಹೇಳುತ್ತಾನೆ. ಜನರು ಹರಿಯುವ ಊಟೆಯನ್ನು ಬಿಟ್ಟುಬಂದರು. ಬಿರುಕುಬಿಟ್ಟು ನೀರು ನಿಲ್ಲದ ತೊಟ್ಟಿಗಳನ್ನು ತಾವೇ ಕೊರೆದುಕೊಂಡರು. ನಮ್ಮ ತೊಟ್ಟಿಗಳ ಹೆಸರು ಬೇರೆ ಬೇರೆ: ಕೆಲವರಿಗೆ ಹಣ, ಕೆಲವರಿಗೆ ಪದವಿ, ಕೆಲವರಿಗೆ ಮಕ್ಕಳ ಏಳಿಗೆ, ಕೆಲವರಿಗೆ ತಮ್ಮ ಧರ್ಮಶೀಲತೆಯ ಕೀರ್ತಿ. ಇವುಗಳಲ್ಲಿ ಯಾವುದೂ ತನ್ನಷ್ಟಕ್ಕೆ ಕೆಟ್ಟದ್ದಲ್ಲ. ತೊಟ್ಟಿಯನ್ನು ಊಟೆಯೆಂದು ನಂಬುವುದರಲ್ಲಿ ಕೇಡು ಇದೆ.

ಯೋಹಾನನು ಬರೆದ ಸುವಾರ್ತೆಯಲ್ಲಿ ಒಬ್ಬ ಸಮಾರ್ಯದ ಹೆಂಗಸಿನ ಕಥೆ ಬರುತ್ತದೆ. ಉರಿಬಿಸಿಲಿನ ಹೊತ್ತಿನಲ್ಲಿ ಆಕೆ ಒಬ್ಬಳೇ ನೀರಿಗೆ ಬಂದಳು. ಬಾವಿಯ ಕಟ್ಟೆಯ ಮೇಲೆ ದಣಿದು ಕುಳಿತಿದ್ದ ಯೇಸು ಆಕೆಯನ್ನು ನೀರು ಬೇಡಿದನು. ಯೆಹೂದ್ಯರು ಸಮಾರ್ಯದವರ ಸಂಗಡ ಬಳಕೆ ಮಾಡದ ಕಾಲ ಅದು; ಇನ್ನೊಂದು ಕುಲದ ಪಾತ್ರೆಯಲ್ಲಿ ನೀರು ಕುಡಿಯುವುದೆಂದರೇನೆಂದು ನಮ್ಮ ನಾಡಿನವರಿಗೆ ವಿವರಿಸಬೇಕಾದುದಿಲ್ಲ. ಮಾತು ಬೆಳೆಯಿತು. ಆಕೆಯ ಬಾಳಿನ ಮುಚ್ಚಿಟ್ಟ ಸಂಗತಿಗಳು ಹೊರಬಿದ್ದವು. ಆಕೆ ಓಡಿಹೋಗಲಿಲ್ಲ, ನಿಂತು ಕೇಳಿದಳು. ಕೊನೆಗೆ ಕೊಡವನ್ನು ಅಲ್ಲಿಯೇ ಬಿಟ್ಟು, ತನ್ನನ್ನು ದೂರವಿಟ್ಟಿದ್ದಿರಬಹುದಾದ ಊರಿನವರ ಬಳಿಗೆ ತಾನೇ ಹೋದಳು. ಆ ಕೊಡದ ವಿಷಯವನ್ನು ಸುವಾರ್ತಿಕನು ಮರೆಯದೆ ಬರೆದಿರುವುದು ಗಮನಿಸತಕ್ಕ ಅಂಶ. ಯಾವುದಕ್ಕಾಗಿ ಬಂದಿದ್ದಳೋ ಅದನ್ನು ಮರೆತಳು. ತುಂಬಿದ ಮನಸ್ಸಿಗೆ ಇದೇ ಗುರುತು: ತನ್ನ ಬಾಯಾರಿಕೆಯ ಚಿಂತೆ ಹೋಗಿ ಮತ್ತೊಬ್ಬರ ಬಾಯಾರಿಕೆಯ ಚಿಂತೆ ಹುಟ್ಟುವುದು.

ಹಳ್ಳಿಯ ಹೆಂಗಸಿನ ಮಾತಾಯಿತು. ವಿದ್ಯಾವಂತರ ಪಾಡೇನು ಎಂದು ಶ್ರೋತೃಗಳು ಕೇಳಬಹುದು. ಅದಕ್ಕೂ ಉದಾಹರಣೆಯುಂಟು. ಸಂತ ಆಗಸ್ಟೀನನು 354ರಲ್ಲಿ ಉತ್ತರ ಆಫ್ರಿಕದಲ್ಲಿ ಹುಟ್ಟಿದನು; ಅಲಂಕಾರಶಾಸ್ತ್ರದಲ್ಲಿ ಪಂಡಿತನಾಗಿ ಮಿಲಾನ್ ನಗರದಲ್ಲಿ ಉಪಾಧ್ಯಾಯನಾದನು. ಯೌವನದಲ್ಲಿ ಅವನು ಧರ್ಮಗ್ರಂಥವನ್ನು ತೆರೆದು ನೋಡಿದಾಗ ಅದರ ಶೈಲಿ ಅವನಿಗೆ ಒರಟಾಗಿ ಕಂಡಿತು. ಸಿಸೆರೋವಿನ ಲಲಿತ ವಾಕ್ಯಗಳ ಮುಂದೆ ಇದೇನು ಎಂದು ಮುಚ್ಚಿಟ್ಟನು. ಮುಂದೆ ಅನೇಕ ವರ್ಷ ಮತದಿಂದ ಮತಕ್ಕೆ, ಆಸೆಯಿಂದ ಆಸೆಗೆ ಅಲೆದನು. 386ರಲ್ಲಿ ಒಂದು ದಿನ ತೋಟದಲ್ಲಿ ಕಣ್ಣೀರುಗರೆಯುತ್ತಿದ್ದಾಗ, ನೆರೆಯಿಂದ ಮಗುವಿನ ದನಿಯೊಂದು ಎತ್ತಿಕೊಂಡು ಓದೆಂದು ಹೇಳಿದಂತೆ ಅವನಿಗೆ ಕೇಳಿಸಿತು. ಪೌಲನ ಪತ್ರಿಕೆಯನ್ನು ತೆರೆದನು. ಕಣ್ಣಿಗೆ ಬಿದ್ದ ಮಾತು ಅವನ ದುರ್ವ್ಯಸನವನ್ನೇ ಕುರಿತದ್ದಾಗಿತ್ತು. ಅದನ್ನು ಅವನು ಚರ್ಚಿಸಲಿಲ್ಲ, ಒಪ್ಪಿಕೊಂಡನು. ದೇವರಲ್ಲಿ ನಿಲ್ಲುವವರೆಗೆ ಮನುಷ್ಯನ ಹೃದಯಕ್ಕೆ ನಿಲುಗಡೆಯಿಲ್ಲವೆಂದು ತನ್ನ ಆತ್ಮನಿವೇದನೆಯ ಗ್ರಂಥದಲ್ಲಿ ಅವನು ಬರೆದದ್ದು ಆ ಅನುಭವದ ಫಲ. ಶೈಲಿಯನ್ನು ತೂಗುತ್ತಿದ್ದಷ್ಟು ಕಾಲ ಅವನಿಗೆ ಗ್ರಂಥದಿಂದ ಏನೂ ದೊರೆಯಲಿಲ್ಲ. ಮಾತಿಗೆ ಕಿವಿಗೊಟ್ಟ ದಿನ ಎಲ್ಲವೂ ದೊರೆಯಿತು.

ಕನ್ನಡಿಗರಿಗೂ ಈ ಪ್ರಸಂಗ ದೂರದ್ದಲ್ಲ. ನಮ್ಮ ವಿದ್ಯಾವಂತರಲ್ಲಿ ಅನೇಕರು ಕನ್ನಡ ಬೈಬಲನ್ನು ಪಾದ್ರಿಗಳ ಕನ್ನಡವೆಂದು ನಕ್ಕು ಬದಿಗಿಟ್ಟವರು. ಆ ಕನ್ನಡದ ಹಿಂದಿರುವ ಶ್ರಮವನ್ನು ಸ್ವಲ್ಪ ನೆನೆಯಬೇಕು. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದಾಗ ಪರದೇಶಿಯೊಬ್ಬನು ಕನ್ನಡ ಕಲಿಯುವುದಕ್ಕೆ ತಕ್ಕ ಅಚ್ಚಿನ ಕೋಶವಿರಲಿಲ್ಲ. ಜನರ ಬಾಯಿಂದ ಒಂದೊಂದು ಮಾತನ್ನೂ ಕೇಳಿ ಕೂಡಿಸಿ ಅವರು ಭಾಷಾಂತರಕ್ಕೆ ಕೈಹಾಕಿದರು. 1831ರ ಹೊತ್ತಿಗೆ ಇಡೀ ಬೈಬಲು ಕನ್ನಡದಲ್ಲಿ ಸಿದ್ಧವಾಯಿತು. ಅವರ ಜೊತೆಗಾರ ವಿಲಿಯಂ ರೀವ್ ಕನ್ನಡ-ಇಂಗ್ಲಿಷ್ ಕೋಶವನ್ನು 1832ರಲ್ಲಿ ಹೊರತಂದರು. ಬಳ್ಳಾರಿಯಿಂದಲೇ ಜೋಸೆಫ್ ಟೇಲರ್ ಎಂಬವರು 1820ರಲ್ಲಿ ಬೆಳಗಾವಿಗೆ ಹೋಗಿ ನೆಲೆಸಿದರು. ನಿಡಸೋಸಿ, ಗೋಕಾಕಗಳ ಸೀಮೆಗೆ ಈ ಗ್ರಂಥ ತಲಪಿದ ದಾರಿ ಅದು. ಮುಂದೆ ಬಾಸೆಲ್ ಮಿಶನ್ನಿನವರು ಮಂಗಳೂರು, ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ನೆಲೆಸಿದರು. ಆ ಮಿಶನ್ನಿನ ಫರ್ಡಿನಂಡ್ ಕಿಟ್ಟೆಲರು 1894ರಲ್ಲಿ ಪ್ರಕಟಿಸಿದ ನಿಘಂಟನ್ನು ಧರ್ಮಭೇದವಿಲ್ಲದೆ ಕನ್ನಡಿಗರೆಲ್ಲ ಇಂದಿಗೂ ಬಳಸುತ್ತಿದ್ದಾರೆ. ಹೇಳುವುದಕ್ಕೆ ಮೊದಲು ಇವರೆಲ್ಲ ಕೇಳುವುದನ್ನು ಕಲಿಯಬೇಕಾಯಿತು. ಕೇಳಿದುದರಿಂದಲೇ ಹೇಳುವ ಯೋಗ್ಯತೆ ಅವರಿಗೆ ಬಂದಿತು.

ಕೇಳು ಎಂಬ ನಮ್ಮ ಕನ್ನಡ ಕ್ರಿಯಾಪದ ಬಹಳ ಅರ್ಥವತ್ತಾದದ್ದು. ಸಂಗೀತ ಕೇಳುವುದೆಂದರೆ ಕಿವಿಯ ಕೆಲಸ. ದಾರಿ ಕೇಳುವುದೆಂದರೆ ಗೊತ್ತಿಲ್ಲವೆಂದು ಒಪ್ಪಿಕೊಂಡು ವಿಚಾರಿಸುವುದು. ಹಿರಿಯರ ಮಾತು ಕೇಳುವ ಹುಡುಗನೆಂದರೆ ಅದರಂತೆ ನಡೆಯುವವನು. ಕಿವಿಗೊಡುವುದು, ವಿಚಾರಿಸುವುದು, ವಿಧೇಯನಾಗುವುದು, ಈ ಮೂರಕ್ಕೂ ನಮ್ಮಲ್ಲಿ ಒಂದೇ ಮಾತು. ಬೈಬಲಿನ ಮೂಲಭಾಷೆಯಾದ ಹೀಬ್ರೂವಿನಲ್ಲಿಯೂ ಶೆಮಾ ಎಂಬ ಪದಕ್ಕೆ ಕೇಳು, ಕೇಳಿ ನಡೆ ಎಂಬ ಎರಡು ಅರ್ಥಗಳೂ ಒಟ್ಟಿಗೆ ಇವೆ. ಆದುದರಿಂದ ಧರ್ಮಗ್ರಂಥವನ್ನು ಕೇಳಿದ್ದೇವೆಂದು ಹೇಳುವಾಗ ಮೂರರಲ್ಲಿ ಯಾವ ಕೇಳುವಿಕೆ ನಮ್ಮದು ಎಂಬುದನ್ನು ನಾವು ವಿಚಾರಿಸಿಕೊಳ್ಳುವುದು ಒಳ್ಳೆಯದು. ರೇಡಿಯೋದ ಮುಂದೆ ಕುಳಿತು ಉಪನ್ಯಾಸ ಕೇಳುವುದು ಸುಲಭ. ಬೇಸರವಾದರೆ ಗುಂಡಿ ತಿರುಗಿಸಿದರೆ ಮುಗಿಯಿತು. ಮನಸ್ಸಾಕ್ಷಿಗೆ ಅಂಥ ಗುಂಡಿಯಿಲ್ಲ. ಹಾಗಿದೆಯೆಂದು ನಾವು ಭಾವಿಸಿಕೊಳ್ಳುವುದುಂಟು.

ಕೇಳುವುದರಲ್ಲಿ ಇನ್ನೊಂದು ಅಪಾಯವೂ ಇದೆ. ಹೇಳಿದುದನ್ನು ಬಿಟ್ಟು, ನಮಗೆ ಬೇಕಾದುದನ್ನೇ ಕೇಳಿಸಿಕೊಳ್ಳುವುದು. ಇದಕ್ಕೆ ನಮ್ಮ ನಾಡಿನ ಚರಿತ್ರೆಯಲ್ಲಿಯೇ ಒಂದು ದೃಷ್ಟಾಂತವಿದೆ. 1840ರ ಸುಮಾರಿನಲ್ಲಿ ಹುಬ್ಬಳ್ಳಿ, ಬೆಟಗೇರಿಗಳ ಕಡೆಯಲ್ಲಿ ಕಾಲಜ್ಞಾನದ ವಚನಗಳನ್ನು ನಂಬಿದ ಒಂದು ಪಂಗಡದ ಜನರಿದ್ದರು. ಮುಂದೆ ಧರ್ಮರಾಜ್ಯವೊಂದು ಬರುವುದೆಂದು ಅವರು ಎದುರುನೋಡುತ್ತಿದ್ದರು. ಬಾಸೆಲ್ ಮಿಶನ್ನಿನವರನ್ನು ಕಂಡಾಗ ತಮ್ಮ ಗ್ರಂಥದ ಮಾತು ನೆರವೇರುವ ಕಾಲ ಬಂದಿತೆಂದು ಅವರಿಗೆ ತೋರಿತು. ಮಿಶನರಿಗಳಿಗಾದರೂ ತಮ್ಮ ಬಹುದಿನದ ಪ್ರಾರ್ಥನೆ ಫಲಿಸಿತೆಂದು ತೋರಿತು. ಈ ಜನರಿಗಾಗಿ ಗದಗಿನ ಬಳಿಯ ಮಲ್ಲಸಮುದ್ರದಲ್ಲಿ ಭೂಮಿ ಪಡೆದು ಒಂದು ಹೊಸ ವಸಾಹತನ್ನು ಏರ್ಪಡಿಸಿದರು. ಆದರೆ ನೆನೆಸಿದಂತೆ ಜನರು ಬಂದು ನೆಲೆಸಲಿಲ್ಲ. ಆ ಯತ್ನ ಮುರಿದುಬಿದ್ದಿತು. ಇದರಲ್ಲಿ ಯಾರನ್ನೂ ಹಾಸ್ಯಮಾಡಲು ಕಾರಣವಿಲ್ಲ. ಎರಡು ಪಕ್ಷದವರ ಹಂಬಲವೂ ನಿಜವಾದದ್ದೆ. ಒಬ್ಬರ ಮಾತಿನಲ್ಲಿ ಇನ್ನೊಬ್ಬರು ತಮ್ಮ ಆಸೆಯ ಪ್ರತಿಧ್ವನಿಯನ್ನು ಕೇಳಿದರು. ಇಂದಿಗೂ ನಾವು ಗ್ರಂಥವನ್ನು ತೆರೆಯುವುದು ಎಷ್ಟೋ ಸಲ ಹೀಗೆಯೇ. ನಮ್ಮ ಪಕ್ಷಕ್ಕೆ ಸಮರ್ಥನೆ ದೊರೆತರೆ ದೇವರು ಮಾತನಾಡಿದನೆನ್ನುತ್ತೇವೆ; ನಮ್ಮ ಲೋಭಕ್ಕೆ, ಜಾತಿಯ ಗರ್ವಕ್ಕೆ ಪೆಟ್ಟುಬಿದ್ದರೆ ಅದು ಆ ಕಾಲಕ್ಕೆ ಹೇಳಿದ ಮಾತೆನ್ನುತ್ತೇವೆ. ಇದೇ ಕಾಲುವೆಯ ಹೂಳು.

ಹೂಳು ತೆಗೆದು ಕೇಳಿದವರೂ ನಮ್ಮಲ್ಲಿ ಇದ್ದಾರೆ. 1881ರಲ್ಲಿ ಧಾರವಾಡದಲ್ಲಿ ಜನಿಸಿದ ರೆವರೆಂಡ್ ಚನ್ನಪ್ಪ ಉತ್ತಂಗಿಯವರ ಹೆಸರು ಕನ್ನಡಿಗರಿಗೆ ಅಪರಿಚಿತವಲ್ಲ. ಅವರು ಕ್ರೈಸ್ತ ಬೋಧಕರು; ಕೊನೆಯವರೆಗೂ ಕ್ರಿಸ್ತನ ಭಕ್ತರು. ಆದರೂ ಸರ್ವಜ್ಞನ ತ್ರಿಪದಿಗಳನ್ನು ಅರಸಿ, ಓಲೆಗಳನ್ನು ನೋಡಿ, ಜನರ ಬಾಯಿಂದ ಕೇಳಿ ಕೂಡಿಸಿ 1924ರಲ್ಲಿ ಪ್ರಕಟಿಸಿದರು. ಬಸವಾದಿ ಶರಣರ ವಚನಗಳನ್ನೂ ಅನುಭವಮಂಟಪದ ಚರಿತ್ರೆಯನ್ನೂ ಶ್ರದ್ಧೆಯಿಂದ ಅಭ್ಯಾಸಮಾಡಿದರು. 1949ರಲ್ಲಿ ಕಲಬುರ್ಗಿಯಲ್ಲಿ ಸೇರಿದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು, 1962ರಲ್ಲಿ ತೀರಿಕೊಂಡರು. ತಮ್ಮ ಗ್ರಂಥವನ್ನು ಮನಮುಟ್ಟಿ ಕೇಳಿದವರಿಗೆ ನೆರೆಯವರ ಗ್ರಂಥವನ್ನು ಕೇಳಲು ಭಯವಾಗುವುದಿಲ್ಲವೆಂಬುದಕ್ಕೆ ಅವರ ಬಾಳೇ ಪ್ರಮಾಣ. ಬರಿದಾದ ಮನಸ್ಸು ತನ್ನದನ್ನು ಯಾರು ಕಸಿಯುವರೋ ಎಂದು ಸದಾ ಕಾವಲಿರುತ್ತದೆ. ತುಂಬಿದ ಮನಸ್ಸು ಬಾಗಿಲನ್ನು ತೆರೆದಿಡುತ್ತದೆ. ಯಾರಿಗೆ ದೇವರಲ್ಲಿ ತೃಪ್ತಿಯಾಗಿದೆ ಎಂದು ತಿಳಿಯಬೇಕಾದರೆ, ಅವರು ತಮ್ಮ ಧರ್ಮವನ್ನು ಎಷ್ಟು ಹೊಗಳುತ್ತಾರೆ ಎಂಬುದನ್ನು ನೋಡುವುದಕ್ಕಿಂತ, ಪರರ ಮಾತನ್ನು ಎಷ್ಟು ತಾಳ್ಮೆಯಿಂದ ಕೇಳುತ್ತಾರೆ ಎಂಬುದನ್ನು ನೋಡುವುದು ಮೇಲು.

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕಾಗಿದೆ. ದೇವರಲ್ಲಿ ತೃಪ್ತನಾಗು ಎಂಬ ಬೋಧನೆ ಉಳ್ಳವರು ಇಲ್ಲದವರಿಗೆ ಹಾಡುವ ಜೋಗುಳವಲ್ಲವೆ, ಗೋಕಾಕದ ಗಿರಣಿಯಲ್ಲಿ ದುಡಿಯುವವನಿಗೂ ಕಾಲುವೆಯ ಕೊನೆಯಲ್ಲಿ ಹೊಲವಿರುವವನಿಗೂ ಬೇಕಾದುದು ಕೂಲಿ ಮತ್ತು ನೀರು, ಉಪದೇಶವಲ್ಲವಲ್ಲ ಎಂದು ಕೆಲವರು ಕೇಳುತ್ತಾರೆ. ಆಕ್ಷೇಪಣೆ ನ್ಯಾಯವಾದದ್ದು, ಅದನ್ನು ಮೊದಲು ಎತ್ತಿದ್ದು ಸತ್ಯವೇದವೇ. ಬಟ್ಟೆಯಿಲ್ಲದೆ ಅನ್ನವಿಲ್ಲದೆ ಬಂದವನಿಗೆ ಏನನ್ನೂ ಕೊಡದೆ, ಬೆಚ್ಚಗಿರು, ಹೊಟ್ಟೆತುಂಬಿಸಿಕೊ ಎಂದು ಹರಸಿ ಕಳುಹಿಸುವ ಭಕ್ತಿ ಸತ್ತ ಭಕ್ತಿಯೆಂದು ಯಾಕೋಬನ ಪತ್ರಿಕೆ ಖಂಡಿಸುತ್ತದೆ. ದೇವರಲ್ಲಿ ತೃಪ್ತಿ ಹೊಂದು ಎಂಬ ಮಾತನ್ನು ಪರರ ಹಸಿವಿಗೆ ಉತ್ತರವಾಗಿ ಹೇಳತಕ್ಕದ್ದಲ್ಲ. ನಮ್ಮ ದುರಾಸೆಗೆ ಉತ್ತರವಾಗಿ ನಾವೇ ಹೇಳಿಕೊಳ್ಳತಕ್ಕದ್ದು. ನಮಗೆ ಸಾಕೆನಿಸಿದಾಗಲೇ ಇನ್ನೊಬ್ಬನ ಪಾಲು ಉಳಿಯುವುದು. ಕಾಲುವೆಯ ಮೇಲುಗಡೆಯವನು ತನ್ನ ಹೊಲ ನೆನೆದೊಡನೆ ಮಡೆಯನ್ನು ಬಿಟ್ಟುಕೊಟ್ಟರಲ್ಲವೆ ಕೊನೆಯವನಿಗೆ ನೀರು? ದಾಸೋಹವೆಂದು ಶರಣರು ಕರೆದದ್ದು, ನೆರೆಯವನ ಮೇಲಣ ಪ್ರೀತಿಯೆಂದು ಕ್ರಿಸ್ತನು ಕರೆದದ್ದು, ಇವೆರಡರ ಬೇರೂ ಈ ಸಾಕೆಂಬ ಮಾತಿನಲ್ಲಿದೆ.

ಹಾಗಾದರೆ ಕೇಳುವುದು ಹೇಗೆ? ದೊಡ್ಡ ಸಾಧನೆಯೇನೂ ಬೇಕಿಲ್ಲ. ದಿನಕ್ಕೆ ಸ್ವಲ್ಪವೇ ಓದಬೇಕು. ಆದರೆ ನಿಧಾನವಾಗಿ, ದನಿಯೆತ್ತಿ ಓದಬೇಕು. ಕಣ್ಣು ಹಾರಿಸಿಬಿಡುವ ಮಾತನ್ನು ಕಿವಿ ಹಿಡಿದುಕೊಳ್ಳುತ್ತದೆ. ಹಿತವಾದ ಭಾಗಗಳ ಜೊತೆಗೆ ಅಹಿತವಾದ ಭಾಗಗಳನ್ನೂ ಓದಬೇಕು. ನಮಗೆ ಮುಳ್ಳಿನಂತೆ ಚುಚ್ಚುವ ಮಾತು ಬಹುಶಃ ನಮಗಾಗಿಯೇ ಬರೆದದ್ದು. ಓದಿದುದರಲ್ಲಿ ಒಂದನ್ನಾದರೂ ಅದೇ ದಿನ ನಡೆಸಿ ನೋಡಬೇಕು: ಒಂದು ಸಾಲವನ್ನು ತೀರಿಸುವುದು, ಒಂದು ಕ್ಷಮೆಯನ್ನು ಬೇಡುವುದು, ಮನೆಯ ಆಳಿನೊಡನೆ ಮೃದುವಾಗಿ ಮಾತನಾಡುವುದು, ಇಂಥ ಚಿಕ್ಕ ಕೆಲಸವಾದರೂ ಸರಿ. ಮರಳಿನ ಮೇಲೆ ಮನೆ ಕಟ್ಟಿದವನನ್ನೂ ಬಂಡೆಯ ಮೇಲೆ ಕಟ್ಟಿದವನನ್ನೂ ಹೋಲಿಸಿ ಕ್ರಿಸ್ತನು ಹೇಳಿದ ಸಾಮ್ಯದಲ್ಲಿ ಇಬ್ಬರೂ ಮಾತನ್ನು ಕೇಳಿದವರೇ. ಮಳೆಯೂ ಪ್ರವಾಹವೂ ಇಬ್ಬರಿಗೂ ಬಂದವು. ನಿಂತದ್ದು ಮಾತಿನಂತೆ ನಡೆದವನ ಮನೆ ಮಾತ್ರ.

ಹೀಗೆ ನಡೆದವನಿಗೆ ಕಷ್ಟಗಳು ತಪ್ಪುತ್ತವೆಂದು ನಾವು ಹೇಳಲಾರೆವು. ರೋಗ, ಸಾವು, ಬಡತನಗಳು ಭಕ್ತನ ಮನೆಯ ಬಾಗಿಲನ್ನೂ ತಟ್ಟುತ್ತವೆ. ಆದರೆ ಅವು ಬಂದಾಗ ಒಳಗೆ ಬರಿದಾಗಿರುವುದಿಲ್ಲ. ಯೋಹಾನನ ಸುವಾರ್ತೆಯ ಮೊದಲಲ್ಲಿ ಕ್ರಿಸ್ತನನ್ನೇ ವಾಕ್ಯವೆಂದು ಕರೆದಿದೆ. ಗ್ರಂಥವನ್ನು ಕೇಳುತ್ತ ಕೇಳುತ್ತ ಅಕ್ಷರಗಳ ಹಿಂದಿರುವ ಒಬ್ಬಾತನ ಪರಿಚಯವಾಗುತ್ತದೆ. ಆ ಪರಿಚಯವೇ ತೃಪ್ತಿ. ಗ್ರಂಥ ಅದಕ್ಕೆ ದಾರಿ. ದಾರಿಯನ್ನೇ ಮನೆಯೆಂದು ತಿಳಿದು ನಡುವೆ ಕುಳಿತುಬಿಡಬಾರದು; ದಾರಿ ಬೇಡವೆಂದು ಅಡವಿಗೆ ಬೀಳಲೂಬಾರದು.

ಪ್ರತಿಯೊಬ್ಬರ ಮನೆಯ ಕಪಾಟಿನಲ್ಲಿಯೂ ಒಂದು ಸದ್ಗ್ರಂಥವಿದ್ದೇ ಇದೆ. ಕೆಲವರಲ್ಲಿ ಸತ್ಯವೇದ, ಕೆಲವರಲ್ಲಿ ಗೀತೆ, ಕೆಲವರಲ್ಲಿ ವಚನಗಳು, ಕೆಲವರಲ್ಲಿ ಕುರಾನು. ಬಟ್ಟೆಯಲ್ಲಿ ಸುತ್ತಿ ಪೂಜೆಗಿಟ್ಟಿರಬಹುದು, ಚಿನ್ನದ ಅಂಚಿನ ರಟ್ಟು ಹಾಕಿಸಿ ಅಲಂಕಾರಕ್ಕೆ ಇಟ್ಟಿರಬಹುದು. ಮೇಲೆ ಜಲಾಶಯ ತುಂಬಿ ನಿಂತಿದೆ, ಹೊಲ ನಮ್ಮದು, ಗುದ್ದಲಿಯೂ ನಮ್ಮ ಕೈಯಲ್ಲಿದೆ. ಈ ರಾತ್ರಿ ಮಲಗುವುದಕ್ಕೆ ಮುಂಚೆ ಒಂದು ಪುಟವನ್ನಾದರೂ ತೆರೆದು ಓದಿ, ನಾಳೆ ಅದರಂತೆ ಒಂದು ಹೆಜ್ಜೆಯನ್ನಾದರೂ ಇಟ್ಟರೆ, ಈ ಉಪನ್ಯಾಸವನ್ನು ಕೇಳಿದ್ದು ಕನ್ನಡದ ಪೂರ್ಣಾರ್ಥದಲ್ಲಿ ಕೇಳಿದಂತಾಗುವುದು.